ಹತ್ತು ಸಾವಿರದ್ದೋ, ಲಕ್ಷದ್ದೋ? ದಾವಣಗೆರೆ ಬಿಸಿಲಲ್ಲಿ ಕೂತು ಒಂದು ಗಿಟಾರ್ ಲೆಕ್ಕ

ಅಕ್ಕನ ಮಗನಿಗೆ ಪಿಯುಸಿ ಮುಗಿದ ರಜೆಯಲ್ಲಿ ಗಿಟಾರ್ ಹುಚ್ಚು ಹಿಡಿಯಿತು. ದಿನಕ್ಕೊಂದು ಸ್ಕ್ರೀನ್‌ಶಾಟ್, ಕೆಳಗೆ ಒಂದೇ ಸಾಲು: "ಮಾಮಾ, ಇದು ತಗೊಳ್ಳಲಾ?" ಸೋಮವಾರ 3,500 ರೂಪಾಯಿಯದ್ದು. ಮಂಗಳವಾರ 22 ಸಾವಿರದ್ದು. ಬುಧವಾರ ಲಕ್ಷ ಚಿಲ್ಲರೆಯದ್ದು. ಅವನೊಬ್ಬನ ಪಾಡಲ್ಲ ಇದು. ಹರಿಹರದಲ್ಲಿ ಮೇಷ್ಟರಾಗಿರುವ ಗೆಳೆಯರು ಮಗಳಿಗೆ ಕೊಡಿಸಬೇಕು ಅಂತಾರೆ. ಪಕ್ಕದ ಮನೆಯ ಬ್ಯಾಂಕ್ ಮೇಡಂ ತಮಗೇ ಕಲಿಯೋ ಆಸೆ ಅಂತಾರೆ. ಎಲ್ಲರಿಗೂ ಫೋನಲ್ಲಿ ಅದನ್ನೇ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಒಂದು ಸಲ ಬರೆದಿಡುತ್ತಿದ್ದೇನೆ.

ಲೆಕ್ಕಕ್ಕೆ ಇಳಿಯುವ ಮುಂಚೆ ನನ್ನ ಕಥೆ ಸ್ವಲ್ಪ ಕೇಳಿ. ನನ್ನ ಸಲಹೆಯೆಲ್ಲ ಅಲ್ಲಿಂದಲೇ ಬಂದದ್ದು.

ನನ್ನ ಮೊದಲ ಗಿಟಾರ್ 2,800 ರೂಪಾಯಿಯದ್ದು. ತಂತಿ ಒತ್ತಿದರೆ ಬೆರಳ ತುದಿಯಲ್ಲಿ ಗೆರೆ ಬೀಳುತ್ತಿತ್ತು. ಬಟ್ಟೆ ಒಗೆಯುವಾಗ ಸೋಪು ತಾಗಿದರೆ ಉರಿಯುತ್ತಿತ್ತು. ಅಂಗಡಿಯವರನ್ನು ಕೇಳಿದರೆ "ಹೊಸತರಲ್ಲಿ ಎಲ್ಲರಿಗೂ ಹಾಗೇ" ಅಂದರು. ಎರಡು ವರ್ಷ ತಿಣುಕಿದರೂ ಎಫ್ ಕಾರ್ಡ್, ಅಂದರೆ ತೋರುಬೆರಳು ಅಡ್ಡ ಇಟ್ಟು ಆರೂ ತಂತಿ ಒತ್ತಿ ಹಿಡಿಯುವ ಸ್ವರಗುಚ್ಛ, ಬರಲೇ ಇಲ್ಲ. ನನ್ನ ಕೈಯೇ ಸರಿ ಇಲ್ಲ ಅಂದುಕೊಂಡಿದ್ದೆ.

ಆಮೇಲೊಂದು ದಿನ ದಾವಣಗೆರೆಯ ಎಂಸಿಸಿ ಬಿ ಬ್ಲಾಕ್‌ನಲ್ಲಿರುವ ಗೆಳೆಯನ ಮನೆಗೆ ಹೋದೆ. ಅವನ ಅಣ್ಣ ಅಮೆರಿಕದಿಂದ ರಜೆಗೆ ಬಂದಿದ್ದರು. ಜೊತೆಗೆ ಮಾರ್ಟಿನ್ ಕಂಪನಿಯ ಡಿ-28 ಅನ್ನುವ ಗಿಟಾರ್. ಪೆಟ್ಟಿಗೆ ತೆಗೆದ ಕೂಡಲೇ ಬಡಗಿಯ ಕೊಟ್ಟಿಗೆಗೆ ಕಾಲಿಟ್ಟ ಹಾಗೆ ಮರದ ವಾಸನೆ. ತೊಡೆ ಮೇಲಿಟ್ಟುಕೊಂಡು ದಪ್ಪ ತಂತಿ ಒಂದನ್ನೇ ಹೆಬ್ಬೆರಳಲ್ಲಿ ಮೀಟಿದೆ. ಸದ್ದು ಕಿವಿಗಿಂತ ಮುಂಚೆ ಪಕ್ಕೆಲುಬಿಗೆ ಬಂತು. ಬಂದದ್ದು ಬೇಗ ಹೋಗಲೂ ಇಲ್ಲ. ಅದು ಇನ್ನೂ ಸಣ್ಣಗೆ ಉಳಿದಿರುವಾಗಲೇ ಎಫ್ ಹಿಡಿದು ನೋಡಿದೆ. ಬಂತು! ಒಂದೇ ಸಲಕ್ಕೆ, ಆರೂ ತಂತಿ.

ಆಮೇಲೆ ಕೈ ತೆಗೆದು ಸುಮ್ನೆ ಕೂತಿದ್ದೆ. ಕೆಳಗೆ ಬೀದಿಯಲ್ಲಿ ತರಕಾರಿ ಗಾಡಿಯ ಮೈಕ್ ಕೂಗಿತು. ನಾನು ಮುಟ್ಟಿಯೇ ಇರಲಿಲ್ಲ, ಗಿಟಾರ್ ತಾನಾಗೇ ಗುಂಯ್ ಅಂತು. ಆ ಮೈಕಿನ ಯಾವುದೋ ಸ್ವರ ಯಾವುದೋ ತಂತಿಗೆ ತಾಗಿ, ಇಡೀ ಗಿಟಾರ್ ತಲೆದೂಗಿದ ಹಾಗೆ. ಅಷ್ಟು ಹಗುರಾಗಿ ಕಟ್ಟಿದ್ದರು ಅದನ್ನ.

ಕಾಫಿ ತಂದ ಗೆಳೆಯನ ಅಮ್ಮ ಅದರ ಬೆನ್ನು ಮುಟ್ಟಿ ನೋಡಿದರು. "ಇದು ಬೀಟೆ ಅಲ್ವೇನೋ? ತೀರ್ಥಹಳ್ಳಿಲಿ ನಮ್ಮಪ್ಪನ ಮನೆ ಕಪಾಟು ಹೀಗೇ ಇತ್ತು." ನಾವು ನಕ್ಕೆವು. ನೋಡಿದರೆ ಅವರು ಹೇಳಿದ್ದೇ ಸರಿ. ಮಾರ್ಟಿನ್ ಕಂಪನಿ ಮೊದಲು ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿತ್ತು. ಅಲ್ಲಿಂದ ದಿಮ್ಮಿ ಬರುವುದು ನಿಂತ ಮೇಲೆ 1969ರಲ್ಲಿ ಡಿ-28ರ ಬೆನ್ನಿಗೂ ಪಕ್ಕಕ್ಕೂ ಇಂಡಿಯನ್ ರೋಸ್‌ವುಡ್ ಹಾಕತೊಡಗಿತು. ಅಂದರೆ ನಮ್ಮ ಬೀಟೆಯೇ.

ಮನೆಗೆ ಬಂದು ನನ್ನ ಗಿಟಾರ್ ಎತ್ತಿಕೊಂಡರೆ ಬಿಸ್ಕತ್ ಡಬ್ಬಿ ಬಡಿದ ಹಾಗೆ ಕೇಳಿಸಿತು. ಒಂದು ವಾರ ಮುಟ್ಟಲೇ ಇಲ್ಲ. ಆಮೇಲೆ ಬೆಂಗಳೂರಿನಲ್ಲಿ ಗಿಟಾರ್ ರಿಪೇರಿ ಮಾಡುವವರೊಬ್ಬರಿಗೆ ತೋರಿಸಿದೆ. ಅವರು ತಂತಿ ಕೂರುವ ಎರಡು ಪಟ್ಟಿ, ಅಂದರೆ ನಟ್ ಮತ್ತು ಸ್ಯಾಡಲ್ ಉಜ್ಜಿ ತಗ್ಗಿಸಿದರು, ತೆಳು ತಂತಿ ಹಾಕಿದರು. ಅರ್ಧ ಗಂಟೆಯ ಕೆಲಸ. ಸದ್ದು ಹಾಗೇ ಬಿಸ್ಕತ್ ಡಬ್ಬಿಯದ್ದೇ. ಆದರೆ ಎಫ್ ಬಂತು!

ಅವತ್ತು ಗೊತ್ತಾಗಿದ್ದು ಇಷ್ಟೇ. ಒಳ್ಳೆ ಗಿಟಾರ್ ಮೊದಲ ಸಲ ಹಿಡಿದಾಗ ಮೈ ಜುಂ ಅನ್ನುತ್ತಲ್ಲ, ಅದರಲ್ಲಿ ಎರಡು ಪಾಲಿದೆ. ಒಂದು ಪಾಲು ಮರ ಮತ್ತು ಕಟ್ಟುವವರ ಕೈಚಳಕ, ಅದಕ್ಕೆ ದುಡ್ಡು ಸುರಿಯಲೇಬೇಕು. ಇನ್ನೊಂದು ಪಾಲು ಸೆಟಪ್, ಅಂದರೆ ಹೀಗೆ ಉಜ್ಜಿ ಹದ ಮಾಡುವುದು. ಅದು ಅಗ್ಗದ್ದು, ಹತ್ತು ಸಾವಿರದ ಗಿಟಾರಿಗೂ ಸಿಗುತ್ತೆ. ಜನ ಈ ಎರಡನ್ನೂ ಒಂದೇ ಅಂದುಕೊಂಡು, ಒಂದೋ ಸಾಲ ಮಾಡಿ ಲಕ್ಷದ್ದು ತರುತ್ತಾರೆ, ಇಲ್ಲಾ ಕೈ ಬರಲ್ಲ ಅಂತ ಅಟ್ಟಕ್ಕೆ ಹಾಕುತ್ತಾರೆ.

ಯಾವುದರಿಂದ ಅಳೆಯೋದು?

ಮೊದಲು ಕೈ. ಜೇಬಿನಲ್ಲಿ ಎಟಿಎಂ ಕಾರ್ಡ್ ಇದ್ದರೆ ಸಾಕು. ಒಂದು ಕಾರ್ಡ್ ಸುಮಾರು ಮುಕ್ಕಾಲು ಮಿಲಿಮೀಟರ್ ದಪ್ಪ. ನೆಕ್ ಅಂದರೆ ಗಿಟಾರಿನ ಉದ್ದ ಹಿಡಿ, ಅದರ ಮೇಲಿನ ಅಡ್ಡ ಲೋಹದ ಗೆರೆಗಳೇ ಫ್ರೆಟ್. 12ನೇ ಫ್ರೆಟ್ ಮೇಲೆ ಇಟ್ಟು, ದಪ್ಪ ತಂತಿಯ ಕೆಳಗೆ ಮೂರು ಕಾರ್ಡ್, ತೆಳು ತಂತಿಯ ಕೆಳಗೆ ಎರಡು ಕಾರ್ಡ್ ತಂತಿಯನ್ನು ಎತ್ತದೆ ತೂರಿದರೆ ಸರಿಯಾದ ಎತ್ತರ. ಐದು ಕಾರ್ಡ್ ಆರಾಮಾಗಿ ತೂರಿದರೆ ಆ ಗಿಟಾರ್ ಬೆರಳು ಕೊಯ್ಯುತ್ತೆ. ಎಟಿಎಂ ಕಾರ್ಡ್ ಸರಿ ಇದ್ದರೆ ಎಫ್ ಕಾರ್ಡ್ ಬರುತ್ತೆ ಅಂತ ನಾನು ತಮಾಷೆ ಮಾಡ್ತಿರ್ತೀನಿ. ಹೆಚ್ಚುಕಮ್ಮಿ ನಿಜವೇ.

ಎರಡನೆಯದು ಶ್ರುತಿ. 12ನೇ ಫ್ರೆಟ್ ತಂತಿಯ ಸರಿ ಅರ್ಧದಲ್ಲಿರುತ್ತೆ. ಅಲ್ಲಿ ತಂತಿಯನ್ನು ಒತ್ತದೆ, ಬರೀ ಮುಟ್ಟಿ ಮೀಟಿದರೆ ಗಂಟೆಯಂಥ ಸ್ವರ ಬರುತ್ತೆ. ಆಮೇಲೆ ಅದೇ ಜಾಗದಲ್ಲಿ ಒತ್ತಿ ಮೀಟಿ. ಮೊಬೈಲ್ ಟ್ಯೂನರ್‌ನಲ್ಲಿ ಎರಡೂ ಒಂದೇ ತೋರಿಸಬೇಕು. ವೀಣೆಯಲ್ಲಾದರೆ ಮೆಟ್ಟು ಮೇಣದ ಮೇಲೆ ಕೂತಿರುತ್ತೆ, ಶ್ರುತಿ ತಪ್ಪಿದರೆ ಮೇಣ ಬಿಸಿ ಮಾಡಿ ಸರಿಸಬಹುದು. ಗಿಟಾರ್ ಫ್ರೆಟ್ ಹಾಗಲ್ಲ, ಕಾರ್ಖಾನೆಯಲ್ಲಿ ಹೊಡೆದು ಕೂರಿಸಿದ್ದೇ ಕೊನೆ. ಸ್ವಲ್ಪ ವ್ಯತ್ಯಾಸವಾದರೆ ಸ್ಯಾಡಲ್‌ನಲ್ಲಿ ತಿದ್ದಬಹುದು. ಫ್ರೆಟ್ಟೇ ಜಾಗ ತಪ್ಪಿದ್ದರೆ ಆ ಗಿಟಾರ್ ಬಿಟ್ಟುಬಿಡಿ.

ಮೂರನೆಯದು ಟಾಪ್, ಅಂದರೆ ಸೌಂಡ್ ಹೋಲ್ ಇರುವ ಮುಂದಿನ ಹಲಗೆ. ತಂತಿ ತಾನೇ ಜಾಸ್ತಿ ಸದ್ದು ಮಾಡಲ್ಲ. ಅದು ಬ್ರಿಜ್, ಅಂದರೆ ಟಾಪ್ ಮೇಲೆ ತಂತಿ ಕಟ್ಟುವ ಮರದ ತುಂಡನ್ನು ಅಲುಗಿಸುತ್ತೆ, ಬ್ರಿಜ್ ಮೂರು ಮಿಲಿಮೀಟರ್ ಆಸುಪಾಸಿನ ಆ ತೆಳು ಹಲಗೆಯನ್ನು ಅಲುಗಿಸುತ್ತೆ, ಹಲಗೆ ಗಾಳಿಯನ್ನು ತಳ್ಳುತ್ತೆ. ಇಂದಿನ ಕ್ಲಾಸಿಕಲ್ ಗಿಟಾರಿನ ಆಕಾರ ಕೊಟ್ಟ ಸ್ಪೇನ್‌ನ ಟೋರೆಸ್ 1862ರಲ್ಲಿ ಒಂದು ಗಿಟಾರ್ ಕಟ್ಟಿದ. ಟಾಪ್ ಮಾತ್ರ ಒಳ್ಳೆ ಮರದ್ದು, ಬೆನ್ನು ಮತ್ತು ಪಕ್ಕ ಬರೀ ರಟ್ಟು! ಸದ್ದಿನ ಮುಖ್ಯ ಕೆಲಸ ಟಾಪ್‌ದು ಅಂತ ತೋರಿಸೋಕೆ. ಬೀಟೆ ಬೆನ್ನು ನೋಡಿ ಮರುಳಾಗುವ ನನ್ನಂಥವರು ಇದನ್ನು ನೆನಪಿಟ್ಟುಕೊಳ್ಳಬೇಕು. ದುಡ್ಡು ಕಮ್ಮಿ ಇದ್ದಾಗ ಟಾಪ್‌ಗೆ ಹಾಕಿ, ಬೆನ್ನಿಗಲ್ಲ.

ನಾಲ್ಕನೆಯದು ನಮ್ಮ ಬಿಸಿಲು. ಇದನ್ನು ಯಾವ ಯೂಟ್ಯೂಬಿನವರೂ ದಾವಣಗೆರೆಯವರಿಗೆ ಅಂತ ಹೇಳಲ್ಲ, ಆದ್ದರಿಂದ ಮುಂದೆ ವಿವರವಾಗಿ ಬರೆಯುತ್ತೇನೆ. ಕೊನೆಯದು ದುಡ್ಡು. ಕೆಳಗಿರುವ ಬೆಲೆಗಳೆಲ್ಲ ಅಂದಾಜಿನವು, ಹಬ್ಬದ ಆಫರ್‌ನಲ್ಲಿ ಹೆಚ್ಚುಕಮ್ಮಿ ಆಗುತ್ತವೆ.

ಮೂರರಿಂದ ಐದು ಸಾವಿರದ್ದು

ಬ್ಯಾಗು, ಬೆಲ್ಟು, ಪಿಕ್ಕು, ಒಂದು ಜೊತೆ ತಂತಿ, ಎಲ್ಲ ಸೇರಿ ಆನ್‌ಲೈನ್‌ನಲ್ಲಿ ಬರುತ್ತಲ್ಲ, ಅದು. ಅದೃಷ್ಟವಿದ್ದರೆ ಸರಿಯಾದದ್ದು ಬರುತ್ತೆ. ಆದರೆ ಎಷ್ಟೋ ಗಿಟಾರ್‌ಗಳಲ್ಲಿ ನೆಕ್ ಬಾಗಿದರೆ ತಿದ್ದೋಕೆ ಒಳಗೆ ಟ್ರಸ್ ರಾಡ್ ಇರಲ್ಲ, ತಂತಿ ಬಿಗಿಯುವ ಕೀಗಳು ಒಂದು ಹಾಡು ಮುಗಿಯೋದರೊಳಗೆ ಸಡಿಲ ಬೀಳುತ್ತವೆ. ಕಲಿಯುವವರಿಗೆ ನಾನು ಹೇಳಲ್ಲ. ಇಷ್ಟೇ ದುಡ್ಡಿದ್ದರೆ ಸೆಕೆಂಡ್ ಹ್ಯಾಂಡ್ ನೋಡಿ.

ಹತ್ತು ಸಾವಿರದ ಆಸುಪಾಸು: ಪ್ಲೈ ಗಿಟಾರ್

ಇಲ್ಲಿ ಎಲ್ಲರೂ ಹೆಸರಿಸುವುದು ಯಮಹಾ ಎಫ್310. ಇದರ ಟಾಪ್ ಲ್ಯಾಮಿನೇಟ್. ತೆಳು ಹಾಳೆಗಳನ್ನು ಅಡ್ಡ ಉದ್ದ ಅಂಟಿಸಿದ್ದು, ನಮ್ಮ ಭಾಷೆಯಲ್ಲಿ ಪ್ಲೈವುಡ್. ಪ್ಲೈ ಅಂದ ಕೂಡಲೇ ಮೂಗು ಮುರಿಯುವವರಿದ್ದಾರೆ. ನಾನು ಮುರಿಯಲ್ಲ. ಸದ್ದು ಸ್ವಲ್ಪ ಬಿಗಿ, ಬೇಗ ಆರುತ್ತೆ, ನಿಜ. ಆದರೆ ಏಪ್ರಿಲ್ ಬಿಸಿಲಿಗೆ ಇದು ಸುಲಭಕ್ಕೆ ಬಿರಿಯಲ್ಲ. ಹಾಸ್ಟೆಲ್ ಗೋಡೆಗೆ ಒರಗಿಸಿಟ್ಟರೂ, ಬೈಕ್ ಹಿಂದೆ ಕಟ್ಟಿಕೊಂಡು ಕುಂದವಾಡ ಕೆರೆ ಸುತ್ತಿದರೂ ತಡೆಯುತ್ತೆ. ಇನ್ನೊಂದು ವಿಷಯ. ಎಫ್310ರಲ್ಲಿ ತಂತಿಯ ಉದ್ದ 634 ಮಿಲಿಮೀಟರ್. ಅವರದೇ ದೊಡ್ಡ ಮಾದರಿ ಎಫ್‌ಜಿ800ರಲ್ಲಿ 650. ಉದ್ದ ಕಮ್ಮಿಯಾದರೆ ಅದೇ ಶ್ರುತಿಗೆ ಬಿಗಿತವೂ ಕಮ್ಮಿ, ಹೊಸ ಬೆರಳಿಗೆ ಹಿತ.

ನೈಲಾನ್ ತಂತಿಯದ್ದು

ಹೆಚ್ಚುಕಮ್ಮಿ ಇದೇ ಬೆಲೆಗೆ ಯಮಹಾ ಸಿ40 ಥರದ ಕ್ಲಾಸಿಕಲ್ ಗಿಟಾರ್ ಸಿಗುತ್ತೆ. ಸ್ಟೀಲ್ ತಂತಿ ಆರೂ ಸೇರಿ 70 ಕೆ.ಜಿ.ಗಿಂತ ಜಾಸ್ತಿ ಎಳೆಯುತ್ತವೆ. ನೈಲಾನ್ ಸುಮಾರು 40 ಕೆ.ಜಿ. ಹರಿಹರದ ಮೇಷ್ಟರಿಗೆ ನಾನು ಹೇಳಿದ್ದು ಇದನ್ನೇ, ಮಗಳಿಗೆ ಹತ್ತು ವರ್ಷ. ಅಷ್ಟು ಚಿಕ್ಕ ಮಕ್ಕಳಿಗೆ ಮುಕ್ಕಾಲು ಸೈಜಿನದ್ದೇ ನೋಡಿ. ಯಾಕಂದ್ರೆ ದೊಡ್ಡದರ ನೆಕ್ ಅಗಲ. ಕೀಗಳ ಕಡೆ, ನಟ್ ಹತ್ತಿರ 52 ಮಿಲಿಮೀಟರ್ ಇರುತ್ತೆ, ಸ್ಟೀಲ್ ಗಿಟಾರಿನಲ್ಲಿ 43ರ ಆಸುಪಾಸು.

ಬೆರಳಲ್ಲಿ ಮೀಟಿ ನುಡಿಸುವವರಿಗೆ, ಮೆತ್ತನೆ ಸದ್ದು ಇಷ್ಟಪಡುವವರಿಗೆ ಇದು ಚೆಂದ. ಪಿಕ್ ಹಿಡಿದು ಜೋರಾಗಿ ಬಾರಿಸಿ ಸಿನಿಮಾ ಹಾಡು ಹೇಳಬೇಕು ಅಂದರೆ ಸಪ್ಪೆ ಅನ್ನಿಸುತ್ತೆ. ಒಂದು ಎಚ್ಚರಿಕೆ: ನೈಲಾನ್ ಗಿಟಾರಿಗೆ ಯಾವತ್ತೂ ಸ್ಟೀಲ್ ತಂತಿ ಕಟ್ಟಬೇಡಿ. ಬ್ರಿಜ್ ಕಿತ್ತು ಬರುತ್ತೆ.

ಹದಿನೆಂಟರಿಂದ ಇಪ್ಪತ್ತೆಂಟು ಸಾವಿರ: ಸಾಲಿಡ್ ಟಾಪ್

ನನ್ನನ್ನು ಕೇಳಿದರೆ ನಮ್ಮೂರಿನವರಿಗೆ ಒಗ್ಗುವುದು ಇಲ್ಲೇ. ಟಾಪ್ ಒಂದೇ ಮರದ ಹಲಗೆ, ಬೆನ್ನು ಮತ್ತು ಪಕ್ಕ ಪ್ಲೈ. ಎಫ್‌ಜಿ800 ಇದಕ್ಕೆ ಹಳೆ ಉದಾಹರಣೆ. ಯಮಹಾದ ಎಫ್‌ಜಿ ಸಾಲು 1966ರಿಂದ ಬರುತ್ತಿದೆ. ಬೇರೆ ಕಂಪನಿಗಳಲ್ಲೂ ಈ ದರ್ಜೆಯವು ಇವೆ. ಕಂಪನಿ ಹೆಸರಿಗಿಂತ ವಿವರದಲ್ಲಿ "ಸಾಲಿಡ್" ಅನ್ನುವ ಪದ ಇದೆಯಾ ನೋಡಿ. ಬರೀ "ಸ್ಪ್ರೂಸ್ ಟಾಪ್" ಅಂತ ಇದ್ದರೆ ಸಾಮಾನ್ಯವಾಗಿ ಅದು ಪ್ಲೈ ಮೇಲೆ ಅಂಟಿಸಿದ ಸ್ಪ್ರೂಸ್ ಮರದ ಹಾಳೆ.

ನೀವೇ ಪರೀಕ್ಷೆ ಮಾಡಬಹುದು. ಮೊಬೈಲ್ ಟಾರ್ಚ್ ಹಾಕಿ ಸೌಂಡ್ ಹೋಲ್‌ನ ಅಂಚು ನೋಡಿ. ಮೇಲಿರುವ ಮರದ ಗೆರೆಗಳು ಅಂಚಿನಲ್ಲಿ ಹಾಗೇ ಕೆಳಗಿಳಿದರೆ ಸಾಲಿಡ್. ಅಂಚಿನಲ್ಲಿ ಪದರ ಪದರ ಕಂಡರೆ ಪ್ಲೈ. ಅಂಗಡಿಯಲ್ಲಿ ಹೀಗೆ ಬಗ್ಗಿ ನೋಡಿದರೆ ಮಾರುವವರ ಮಾತಿನ ಧಾಟಿಯೇ ಬದಲಾಗುತ್ತೆ, ಅದು ಬೇರೆ ಮಾತು.

ಸದ್ದಿನ ವ್ಯತ್ಯಾಸ ಹೇಗೆ ಕೇಳೋದು? ಒಂದೇ ಜಿ ಕಾರ್ಡ್. ಮೊದಲು ಪ್ಲೈ ಗಿಟಾರಿನಲ್ಲಿ ಮೆಲ್ಲಗೆ, ಆಮೇಲೆ ಜೋರಾಗಿ. ಜೋರು ಮಾಡಿದಾಗ ಅದು ಬರೀ ಗದ್ದಲವಾಗುತ್ತೆ. ಸಾಲಿಡ್ ಟಾಪ್‌ನಲ್ಲಿ ಮೆಲ್ಲಗೆ ಹೊಡೆದದ್ದು ಒಂದು ಬಣ್ಣ, ಜೋರು ಹೊಡೆದದ್ದು ಇನ್ನೊಂದು. ಇದು ಕೇಳಿಸದಿದ್ದರೆ ಬೇಜಾರು ಬೇಡ. ನಿಮಗಿನ್ನೂ ಹತ್ತು ಸಾವಿರದ್ದೇ ಸಾಕು, ಮಿಕ್ಕ ದುಡ್ಡು ಉಳಿಯಿತು.

ಸ್ಪ್ರೂಸ್ ಸದ್ದು ಖಣಖಣ, ಬಾರಿಸಿದಷ್ಟೂ ತಾಳಿಕೊಳ್ಳುತ್ತೆ. ಸೀಡರ್ ಮರದ್ದು ಬೆಚ್ಚಗೆ, ಮೆಲ್ಲನೆ ಮೀಟುವವರಿಗೆ. ನಮ್ಮಲ್ಲಿ ಭಾವಗೀತೆಗೆ ಜೊತೆ ಕೊಡುವವರು ಜಾಸ್ತಿ ಅಲ್ವಾ, ಅವರಿಗೆ ಎರಡೂ ನಡೆಯುತ್ತೆ. ಹಾಡುವವರ ಶ್ರುತಿ ಕಪ್ಪು ಒಂದು ಇದ್ದರೆ ಒಂದನೇ ಫ್ರೆಟ್‌ಗೆ ಕ್ಯಾಪೊ (ತಂತಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಸಿ ಕಾರ್ಡ್ ಆಕಾರ ಹಿಡಿದರಾಯಿತು, ಹಾರ್ಮೋನಿಯಂ ಜೊತೆ ಸರಿಯಾಗಿ ಕೂರುತ್ತೆ. ಪಿಕಪ್ (ಸ್ಪೀಕರಿಗೆ ಜೋಡಿಸುವ ಸಾಧನ) ಇರುವುದು ಬೇಕಾ ಅಂತ ಕೇಳುತ್ತಾರೆ. ಗಣೇಶನ ಪೆಂಡಾಲ್, ಕಾಲೇಜ್ ಡೇ ಅಂತ ಸ್ಟೇಜ್ ಹತ್ತುವುದಿದ್ದರೆ ಸರಿ. ಮನೆಯಲ್ಲಿ ನುಡಿಸೋಕೆ ಬೇಡ. ಅದೇ ಬೆಲೆಗೆ ಮರದ ಪಾಲು ಕಮ್ಮಿಯಾಗುತ್ತೆ.

ಮೈ ಸಣ್ಣಗಿರುವವರು ಬಾಡಿ ಸೈಜೂ ನೋಡಿ. ಅಂಗಡಿಯಲ್ಲಿ ನೇತಾಡುವುದು ಹೆಚ್ಚಾಗಿ ಡ್ರೆಡ್‌ನಾಟ್. 1916ರಲ್ಲಿ ಮಾರ್ಟಿನ್‌ನವರು ಬ್ರಿಟಿಷ್ ಯುದ್ಧನೌಕೆಯ ಹೆಸರಿಟ್ಟು ಮಾಡಿದ ಆಕಾರ, ಹೆಸರಿಗೆ ತಕ್ಕ ಗಾತ್ರ. ಬ್ಯಾಂಕ್ ಮೇಡಂ ಅದನ್ನು ತಬ್ಬಿಕೊಂಡು ಕೂತರೆ ಬಲ ಭುಜ ಕಿವಿಗೆ ತಾಗುತ್ತಿತ್ತು. ಸೊಂಟ ಸಣ್ಣಗಿರುವ ಕನ್ಸರ್ಟ್ ಬಾಡಿ ಕೊಟ್ಟ ಮೇಲೆ ಅವರ ಮುಖವೇ ಬೇರೆ.

ಅರವತ್ತು ಸಾವಿರದಿಂದ ಮೇಲೆ: ಪೂರ್ತಿ ಸಾಲಿಡ್

ಟಾಪ್, ಬೆನ್ನು, ಪಕ್ಕ ಎಲ್ಲ ಗಟ್ಟಿ ಮರ. ಡಿ-28 ಥರದ್ದಾದರೆ ಮೂರು ಲಕ್ಷದ ಹತ್ತಿರ ಅಥವಾ ಅದಕ್ಕೂ ಮೇಲೆ. ಹೆಸರು ನೋಡಿ ಮೋಸ ಹೋಗಬೇಡಿ. ಟೇಲರ್ ಕಂಪನಿಯ 100 ಸರಣಿ ದುಬಾರಿಯಾದರೂ ಬೆನ್ನು ಮತ್ತು ಪಕ್ಕ ಪದರದ ಮರವೇ. ಅದು ದೋಷವಲ್ಲ. ನಮ್ಮ ಹವೆಗೆ ಅದೇ ವಾಸಿ ಅಂತ ನಾನು ವಾದ ಮಾಡಬಲ್ಲೆ.

ಯಾಕೆ ಅಂದರೆ ಬಿಸಿಲು. ಗಟ್ಟಿ ಮರಕ್ಕೆ ಗಾಳಿಯಲ್ಲಿ ತೇವ 45ರಿಂದ 55 ಶೇಕಡಾ ಇದ್ದರೆ ಹಿತ. ನಮ್ಮ ಬಯಲುಸೀಮೆಯ ಮಾರ್ಚ್–ಏಪ್ರಿಲ್ ಮಧ್ಯಾಹ್ನ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಒಣಹಾಕಿದ ಟವೆಲ್ ಅರ್ಧ ಗಂಟೆಗೆ ಹಪ್ಪಳ. ಚಿತ್ರದುರ್ಗದ ಕಡೆ ಅದರ ಜೊತೆ ಗಾಳಿ ಬೇರೆ. ಮರ ಉದ್ದಕ್ಕೆ ಹೆಚ್ಚು ಕುಗ್ಗಲ್ಲ, ಅಡ್ಡಕ್ಕೆ ಕುಗ್ಗುತ್ತೆ. ಮೊದಲು ನೆಕ್ ಪಕ್ಕ ಸವರಿದರೆ ಫ್ರೆಟ್ ತುದಿ ಚುಚ್ಚುತ್ತೆ. ಲೋಹ ಬೆಳೆದಿಲ್ಲ, ಮರ ಒಳಗೆ ಸರಿದಿದೆ. ಆಮೇಲೆ ಟಾಪ್ ತಗ್ಗಿ ತಂತಿ ಫ್ರೆಟ್‌ಗೆ ಬಡಿದು ಝುಂಯ್ ಅನ್ನುತ್ತೆ. ಆಗಲೂ ಗಮನಿಸದಿದ್ದರೆ ಒಂದು ರಾತ್ರಿ ಟಪ್ ಅಂತ ಸದ್ದು, ಬೆಳಿಗ್ಗೆ ನೋಡಿದರೆ ಬ್ರಿಜ್ ಕೆಳಗೆ ಕೂದಲೆಳೆಯಷ್ಟು ಬಿರುಕು. ಮಳೆಗಾಲದಲ್ಲಿ ಉಲ್ಟಾ. ಟಾಪ್ ಉಬ್ಬಿ ತಂತಿ ಮೇಲೇಳುತ್ತೆ.

ಉಪಾಯ ದುಬಾರಿ ಅಲ್ಲ. ಗಟ್ಟಿ ಪೆಟ್ಟಿಗೆ, ಒಳಗೆ ಒಂದು ಚಿಕ್ಕ ತೇವಮಾಪಕ, ಜೊತೆಗೆ ತೂತು ಕೊರೆದ ಸೋಪ್ ಡಬ್ಬಿಯಲ್ಲಿ ಒದ್ದೆ ಮಾಡಿ ಹಿಂಡಿದ ಸ್ಪಂಜು. ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ಒದ್ದೆ ಮಾಡಬೇಕು. ಎಸಿ ರೂಮಿನಲ್ಲಿ ಹೊರಗಿಡಬೇಡಿ, ಗಾಳಿ ಇನ್ನೂ ಒಣಗುತ್ತೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಂತೂ ಯಾವ ಗಿಟಾರನ್ನೂ ಬಿಡಬೇಡಿ, ಅಂಟು ಮೆತ್ತಗಾಗಿ ಬ್ರಿಜ್ ಏಳುತ್ತೆ. ಕಷ್ಟ ಇರುವುದು ಉಪಾಯದಲ್ಲಲ್ಲ, ನಮ್ಮಲ್ಲಿ. ಪೆಟ್ಟಿಗೆಯಲ್ಲಿಟ್ಟ ಗಿಟಾರ್ ಕೈಗೆ ಬರುವುದು ಕಮ್ಮಿ. ಗೋಡೆಯ ಮೊಳೆಗೆ ನೇತು ಹಾಕಿದ್ದನ್ನು ಚಹಾ ಕುದಿಯುವಷ್ಟರಲ್ಲಿ ಎತ್ತಿ ಎರಡು ಹಾಡು ನುಡಿಸುತ್ತೀರಿ. ನಿಮ್ಮ ಸ್ವಭಾವ ಮೊಳೆಯದ್ದಾದರೆ ಪೂರ್ತಿ ಸಾಲಿಡ್ ಬೇಡ.

ಹಾಗಾದರೆ ಯಾರಿಗೆ ಇದು? ಐದಾರು ವರ್ಷ ನುಡಿಸಿ, ಈಗಿರುವ ಗಿಟಾರಿನಲ್ಲಿ ಏನು ಕಮ್ಮಿ ಅಂತ ಬಾಯಿಬಿಟ್ಟು ಹೇಳಬಲ್ಲವರಿಗೆ. ಹತ್ತರಿಂದ ಇಪ್ಪತ್ತು ಸಾವಿರಕ್ಕೆ ಹೋದರೆ ಪಕ್ಕದ ರೂಮಿನಲ್ಲಿದ್ದವರಿಗೂ ವ್ಯತ್ಯಾಸ ಕೇಳಿಸುತ್ತೆ. ಇಪ್ಪತ್ತರಿಂದ ಅರವತ್ತಕ್ಕೆ ಹೋದರೆ ನುಡಿಸುವವರಿಗೆ ಚೆನ್ನಾಗಿ ಗೊತ್ತಾಗುತ್ತೆ. ಅಲ್ಲಿಂದ ಮೂರು ಲಕ್ಷದವರೆಗಿನ ದಾರಿ ನಿಮಗೂ ಗಿಟಾರಿಗೂ ಬಿಟ್ಟದ್ದು.

ಸೆಕೆಂಡ್ ಹ್ಯಾಂಡ್‌ನಲ್ಲಿ ಈ ದರ್ಜೆಯವು ಬೆಂಗಳೂರಿನಲ್ಲಿ ಸಿಗುತ್ತವೆ. ನೆಕ್ ಮೇಲೆ ಕಣ್ಣಿಟ್ಟು ಬಂದೂಕು ಗುರಿ ಹಿಡಿದ ಹಾಗೆ ನೋಡಿ, ತಿರುಚಿದ್ದರೆ ಬಿಡಿ. ಬ್ರಿಜ್ ಹಿಂಬದಿಯ ಅಂಚಿನ ಕೆಳಗೆ ಒಂದು ಹಾಳೆ ತೂರಿಸಿ ನೋಡಿ, ಒಳಗೆ ಹೋದರೆ ಅಂಟು ಬಿಡುತ್ತಿದೆ ಅಂತ ಅರ್ಥ.

ಹೋಗಿ ಬರುವ ವಿಷಯ

ಊರಿನ ಅಂಗಡಿಗಳಲ್ಲಿ ಹೆಚ್ಚಾಗಿ ಹತ್ತು ಸಾವಿರದೊಳಗಿನವೇ ಸಿಗುತ್ತವೆ. ಅದಕ್ಕಿಂತ ಮೇಲಿನದ್ದು ಬೇಕಾದರೆ ಒಂದು ದಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ನಾಲ್ಕಾದರೂ ಹಿಡಿದು ನೋಡಿ. ಮೊದಲು ನಿಮ್ಮ ಬಜೆಟ್ಟಿನದ್ದು, ಕೊನೆಗೆ ಅಲ್ಲಿರುವ ಅತಿ ದುಬಾರಿಯದ್ದು. ಉಲ್ಟಾ ಮಾಡಿದರೆ ಕಿವಿ ಕೆಡುತ್ತೆ, ನಿಮ್ಮ ಇಪ್ಪತ್ತು ಸಾವಿರದ್ದು ಪಾಪ ಸಪ್ಪೆ ಕೇಳಿಸುತ್ತೆ. ಆದರೆ ಆ ದುಬಾರಿಯದ್ದನ್ನು ಮುಟ್ಟದೆ ಬರಬೇಡಿ. ಮುಟ್ಟಿ ನೋಡಿದರೆ ಯಾರೂ ದುಡ್ಡು ಕೇಳಲ್ಲ. ಕೇಳಿಸಿಕೊಂಡದ್ದು ಮುಂದಿನ ಸಲ ಅಳೆಯೋಕೆ ನಿಮ್ಮ ಜೊತೆ ಇರುತ್ತೆ.

ಅಕ್ಕನ ಮಗನ ಹತ್ತಿರ ಇದ್ದದ್ದು 15 ಸಾವಿರ. ಸಾಲಿಡ್ ಟಾಪ್‌ಗೆ ಇನ್ನೂ ನಾಲ್ಕೈದು ಸಾವಿರ ನಾನು ಹಾಕುತ್ತೇನೆ ಅಂದೆ. ಬೆಂಗಳೂರಿನ ಅಂಗಡಿಯಲ್ಲಿ ಅವನು ಎರಡನ್ನೂ ಅರ್ಧ ಗಂಟೆ ನುಡಿಸಿ, "ಮಾಮಾ, ಹಾಸ್ಟೆಲ್‌ಗೆ ಒಯ್ಯೋದಲ್ವಾ" ಅಂತ ಪ್ಲೈ ಗಿಟಾರನ್ನೇ ಎತ್ತಿಕೊಂಡ. ಮಿಕ್ಕ ದುಡ್ಡಲ್ಲಿ ಒಳ್ಳೆ ತಂತಿ ಎರಡು ಜೊತೆ, ಕ್ಯಾಪೊ, ದಪ್ಪ ಸ್ಪಂಜಿನ ಬ್ಯಾಗ್ ಬಂತು. ಸೆಟಪ್‌ಗೆ ಅಂತ ಸಾವಿರ ರೂಪಾಯಿ ಪಕ್ಕಕ್ಕಿಟ್ಟಿದ್ದೇವೆ. ಅದನ್ನು ಅಲ್ಲೇ ಅವತ್ತೇ ಮಾಡಿಸಲಿಲ್ಲ. ಬೆಂಗಳೂರಿನ ಹವೆಗೆ ಕೂತ ಗಿಟಾರ್ ಇಲ್ಲಿಗೆ ಬಂದ ಮೇಲೆ ಸ್ವಲ್ಪ ಮಿಸುಕಾಡುತ್ತೆ. ಎರಡು ಮೂರು ವಾರ ನಮ್ಮ ಗಾಳಿಗೆ ಬಿಟ್ಟು, ಆಮೇಲೆ ಎಟಿಎಂ ಕಾರ್ಡ್ ತೂರಿಸಿ ನೋಡಿ ಉಜ್ಜಿಸುವುದು ಅಂತ ಮಾತಾಗಿದೆ.